ಬೆಳಗಿನಕ್ಕನ ಐಕಾನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆ ಬಿಟ್ಟ ಮೇಲೆ ಬರೆಯುವ ಅಭ್ಯಾಸವೂ ತಪ್ಪಿಹೋಗಿದೆ, ದೊಡ್ಡ ದೊಡ್ಡ ಮಾತುಗಳೂ ಬರುವುದಿಲ್ಲ. ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು. ಇದು ನಮ್ಮ ಅತ್ತೆಯ ವಿಷಯ. ಅವರು ಹೇಳಿದ್ದನ್ನು ಕೇಳಿಕೊಂಡು, ಆದಷ್ಟು ತಪ್ಪಿಲ್ಲದೆ ಬರೆದಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಕನ್ನಡಕದ ಗಾಜು ಉಜ್ಜಿ ಕೊಡುವ ಕಡೆ ಅವರಿಗೆ ಕೆಲಸ. ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದೇ ಕೋಣೆ. ಹಿಂದುಗಡೆ ಯಂತ್ರಗಳು, ಮುಂದೆ ಕಿಟಕಿಯ ಪಕ್ಕ ಒಂದು ಮೇಜು. ಕನ್ನಡಕದ ಅಂಗಡಿಯವರು ಗಿರಾಕಿಗಳ ಕಣ್ಣಿನ ನಂಬರನ್ನು ಮೆಸೇಜಿನಲ್ಲಿ ಕಳಿಸುತ್ತಾರೆ. ಮೇಜಿನಲ್ಲಿ ಕೂತವರು ಅದನ್ನು ಕಂಪ್ಯೂಟರಿನಲ್ಲಿ ನೋಡಿ, ಚೀಟಿಗೆ ಇಳಿಸಿ, ತಟ್ಟೆಯಲ್ಲಿಟ್ಟು ಒಳಗೆ ಕಳಿಸಬೇಕು. ಪ್ಲಸ್ ಇದ್ದಲ್ಲಿ ಮೈನಸ್ ಬರೆದರೆ ಆ ಗಿರಾಕಿಗೆ ಹಗಲಲ್ಲೇ ಕತ್ತಲು. ಅದಕ್ಕೇ ಅತ್ತೆ ಪ್ರತಿ ನಂಬರಿನ ಮೇಲೂ ಬೆರಳಿಟ್ಟು, ಎರಡು ಸಲ ಗೊಣಗಿಕೊಂಡೇ ಬರೆಯುವುದು.

ಅಲ್ಲಿಗೆ ಅವರು ಸೇರಿದ್ದು ಗಾಜು ತೊಳೆಯುವುದಕ್ಕೆ. ಎಷ್ಟೋ ವರ್ಷ ನೀರಿನಲ್ಲೇ ಕೈ. ಮೇಜಿಗೆ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಅಂಗೈ ಚಾಚಿ, "ಮುಟ್ಟಿ ನೋಡಿ, ಒಣಗಿದೆ!" ಎಂದಿದ್ದರಂತೆ. ಮದುವೆಯ ಮಾತು ಬಂದಾಗಲೆಲ್ಲ, "ಹೋಗ್ಬಹುದು, ಆದ್ರೆ ನನ್ನ ಮೇಜನ್ನ ಯಾರು ನೋಡ್ಕೋತಾರೆ?" ಎಂದು ನಗಿಸಿ ಜಾರಿಕೊಂಡವರು.

ಮೇಜು ಮಾತ್ರ ಪೂರ್ತಿ ಅವರದಲ್ಲ. ಮಧ್ಯಾಹ್ನದವರೆಗೆ ಅತ್ತೆ, ಆಮೇಲೆ ಇನ್ನೊಬ್ಬರು. ಹಾಗಾಗಿ ಅಲ್ಲಿ ಅತ್ತೆಗೆ ಬೆಳಗಿನಕ್ಕ ಎಂದೂ ಅವರಿಗೆ ಮಧ್ಯಾಹ್ನದಕ್ಕ ಎಂದೂ ಹೆಸರು. ಇಬ್ಬರಿಗೂ ಒಂದೇ ಕುರ್ಚಿ, ಒಂದೇ ಕಂಪ್ಯೂಟರ್. ಉಳಿದದ್ದೆಲ್ಲ ಬೇರೆ ಬೇರೆ. ಎಡಗಡೆಯ ಡ್ರಾಯರು ಅತ್ತೆಯದು, ಬಲಗಡೆಯದು ಮಧ್ಯಾಹ್ನದಕ್ಕನದು. ಪೆನ್ನು, ಲೋಟ, ಕುರ್ಚಿಯ ಮೇಲಿನ ದಿಂಬು ಕೂಡ ಹಾಗೇ. ಒಬ್ಬರದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಜಗಳವಾಗಿ ಮಾಡಿಕೊಂಡ ಕಟ್ಟುಪಾಡಲ್ಲ ಅದು. ಜಗಳವಾಗದಿರಲಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆಯೇ ನಡೆಸಿಕೊಂಡು ಬಂದದ್ದು.

ಒಂದು ಬೆಳಗ್ಗೆ ಅತ್ತೆ ಕಂಪ್ಯೂಟರಿನ ಮುಂದೆ ಕೂತಾಗ, ಪರದೆಯ ಕೆಳಗಿನ ಪಟ್ಟಿಯಲ್ಲಿ ಮೆಸೇಜಿನ ಐಕಾನು ಒಂದಿದ್ದದ್ದು ಎರಡಾಗಿತ್ತು. ಅದೇ ನೀಲಿ ಗುಳ್ಳೆ, ಅವಳಿ ಮಕ್ಕಳ ಹಾಗೆ. ಎಡಕ್ಕೊಂದು, ಬಲಕ್ಕೊಂದು. ಅತ್ತೆ ಯೋಚಿಸಲೇ ಇಲ್ಲ. ಡ್ರಾಯರಿನ ಹಾಗೆ ಇದನ್ನೂ ಯಜಮಾನರು ತಲೆಗೊಂದು ಮಾಡಿಸಿದ್ದಾರೆ ಎಂದುಕೊಂಡು ಎಡಗಡೆಯದನ್ನು ತೆರೆದರು. ಹಿಂದಿನ ಮೆಸೇಜುಗಳು ಇದ್ದವು. ಮೇಲೆ ಹಳದಿ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಯಾವುದೋ ಜಾಹೀರಾತು ಎಂದು ಬಿಟ್ಟರು.

ಅವತ್ತು ಒಂದೂ ಹೊಸ ಮೆಸೇಜು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಬಲಗಡೆಯ ಐಕಾನಿನ ಮೇಲೆ ಮಾತ್ರ ಕೆಂಪು ಅಂಕಿ ಕೂತು, ಕಣ್ಣೆದುರೇ ಏರುತ್ತಿತ್ತು. ಅಂಗಡಿಯವರೆಲ್ಲ ಈಗ ಮಧ್ಯಾಹ್ನದಕ್ಕನನ್ನೇ ಕೇಳುತ್ತಿದ್ದಾರೆ ಎಂದು ಅತ್ತೆಗೆ ಅನ್ನಿಸಿತು. ಒಂದು ಸಲ ಬಾಣದ ಗುರುತನ್ನು ಅದರ ಹತ್ತಿರ ಒಯ್ದು, ಬೇರೆಯವರ ಡ್ರಾಯರಿಗೆ ಕೈ ಹಾಕಿದಂತಾಗಿ, ಸರಕ್ಕನೆ ಹಿಂದಕ್ಕೆ ತಂದರು.

ಗಾಜು ಉಜ್ಜುವ ಮಾಸ್ತರು ಖಾಲಿ ತಟ್ಟೆ ಹಿಡಿದುಕೊಂಡು ಬಂದರು. "ಏನು ಬೆಳಗಿನಕ್ಕ, ಬೆಳಗಿನ ಹೊತ್ತು ಜನಕ್ಕೆಲ್ಲ ಕಣ್ಣು ಚೆನ್ನಾಗಿ ಕಾಣುತ್ತಾ? ಕೆಲಸ ಎಲ್ಲಾ ಮಧ್ಯಾಹ್ನವೇ ಬರುತ್ತಲ್ಲ."

ಅತ್ತೆ ನಕ್ಕರು. ನಕ್ಕ ಮೇಲೆ ಪೆನ್ನನ್ನು ಡ್ರಾಯರಿನೊಳಗಿಟ್ಟು ಮುಚ್ಚಿದರು.

ಹೀಗೇ ಒಂದು ವಾರ ಕಳೆಯಿತು. ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ, "ಯಾಕೆ ಅಂತ ಒಂದು ಮಾತು ಕೇಳ್ಬಾರ್ದಾ ಅಕ್ಕಾ?" ಎಂದರು.

"ಏನಂತ ಕೇಳ್ಲೋ? ನಂಗೆ ಯಾಕೆ ಯಾರೂ ಬರೀತಿಲ್ಲ ಅಂತಾನಾ? ಆ ವಯಸ್ಸು ದಾಟಿ ಎಷ್ಟೋ ಆಯ್ತು." ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. "ಬೇಡ ಅಂತ ಯಜಮಾನರ ಬಾಯಲ್ಲಿ ಬರೋಕೆ ಮುಂಚೆ ನಾನೇ ಬಿಟ್ಟುಬಿಡ್ತೀನಿ. ಮರ್ಯಾದೆ ಉಳಿಯುತ್ತೆ."

ಮಾರನೆಯ ದಿನ ಅತ್ತೆ ಡ್ರಾಯರು ಖಾಲಿ ಮಾಡಿ, ದಿಂಬನ್ನು ಚೀಲಕ್ಕೆ ತುರುಕಿ, ಮಧ್ಯಾಹ್ನದಕ್ಕ ಬರುವವರೆಗೂ ಕಾದರು. ಅವರು ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಅತ್ತೆ ಕೀಲಿಯನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ತಳ್ಳಿದರು.

"ಇದೇನಕ್ಕಾ?"

"ನನ್ನ ಡ್ರಾಯರಿಂದು. ಇನ್ಮೇಲೆ ನೀನೇ ಇಟ್ಕೋ. ಯಜಮಾನರಿಗೆ ಹೇಳಿ ಹೊರಡ್ತೀನಿ."

"ಹೊರಡೋದಾ? ಎಲ್ಲಿಗೆ?"

"ಮನೆಗೆ ಕಣೆ. ಕೆಲಸ ಎಲ್ಲಾ ನಿನ್ನ ಕಡೆಗೇ ಹೋಗ್ತಿರುವಾಗ ನಾನಿಲ್ಲಿ ಕಿಟಕಿ ಕಾಯ್ತಾ ಕೂರ್ಲಾ?"

ಮಧ್ಯಾಹ್ನದಕ್ಕನ ಮುಖ ಕೆಂಪಾಯಿತು. "ನನ್ನ ಕಡೆಗಾ? ಚೆನ್ನಾಗಿದೆ! ಬೆಳಗ್ಗೆ ಬಂದದ್ದನ್ನೆಲ್ಲ ನೀವು ಮುಟ್ಟದೆ ಬಿಟ್ಟು ಹೋಗ್ತೀರಿ. ಅದನ್ನೂ ನಂದನ್ನೂ ಬರೆದು ಮುಗಿಸೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತೆ. ಪಾಪ, ಅಕ್ಕನಿಗೆ ಕಣ್ಣು ಮಂಜಾಗ್ತಿರಬೇಕು, ಹೇಳ್ಕೊಳ್ಳೋಕೆ ಸಂಕೋಚ ಇರಬೇಕು ಅಂತ ತುಟಿ ಪಿಟಕ್ಕನ್ನಲಿಲ್ಲ ನಾನು. ಯಜಮಾನರು ಕೇಳಿದಾಗ, ಅಂಗಡಿಯವರೇ ತಡವಾಗಿ ಕಳಿಸ್ತಿದ್ದಾರೆ ಅಂತ ಸುಳ್ಳು ಬೇರೆ ಹೇಳಿದೀನಿ!"

ಅತ್ತೆ ಪರದೆಯ ಕಡೆಗೆ ಕೈ ತೋರಿಸಿ, "ನಿನ್ನ ಐಕಾನನ್ನ ನಾನ್ಯಾಕೆ ಮುಟ್ಲಿ?" ಎಂದರು.

"ನನ್ನ ಐಕಾನಾ?"

"ಬಲಗಡೇದು ನಿಂದು, ಎಡಗಡೇದು ನಂದು. ಅಲ್ವಾ?"

"ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಮೇಜೇ ಹೇಳಿತ್ತು.

ಮಧ್ಯಾಹ್ನದಕ್ಕ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಕರ್ಮವೇ! ಹೋದ ವಾರ ಕಂಪ್ಯೂಟರು ಮೆಸೇಜಿಂದು ಹೊಸದು ಹಾಕ್ಲಾ ಅಂತ ಕೇಳ್ತು, ಹೂಂ ಅಂತ ಒತ್ತಿದೆ. ಪಕ್ಕದಲ್ಲೇ ಇನ್ನೊಂದು ಬಂತು. ಹಳೇದು ನೀವು ಕೂರಿಸಿಕೊಂಡಿದ್ದಲ್ವಾ, ಅದನ್ನ ನಾನ್ಯಾಕೆ ತೆಗೀಲಿ ಅಂತ ಬಿಟ್ಟೆ."

ಕೂಡಲೇ ಅವರು ಕಂಪ್ಯೂಟರ್ ರಿಪೇರಿಯವರಿಗೆ ಫೋನು ಹಚ್ಚಿ, ಮಾತು ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಕೆಳಗೆ ಮೆಸೇಜಿಂದು ಎರಡೆರಡು ಐಕಾನ್ ಕೂತಿದಾವೆ ನೋಡಿ."

"ಕೂರ್ಲಿ ಬಿಡಿ ಅಕ್ಕ, ಜಾಗ ಇದೆಯಲ್ಲ."

"ಅವೆರಡರ ದೆಸೆಯಿಂದ ಇಲ್ಲೊಬ್ರು ಕೆಲಸ ಬಿಟ್ಟು ಹೊರಟಿದಾರೆ!"

ರಿಪೇರಿಯವರು ಆಗ ಬಿಡಿಸಿ ಹೇಳಿದರು. ಎಡಗಡೆಯದನ್ನು ಹಿಂದೆ ಪಟ್ಟಿಗೆ ಪಿನ್ ಮಾಡಿ, ಅಂದರೆ ಸಿಕ್ಕಿಸಿ, ಇಟ್ಟಿದ್ದರಿಂದ ಅದು ಅಲ್ಲೇ ಉಳಿದಿದೆ. ಪ್ರೋಗ್ರಾಂ ಹೊಸದಾದರೂ ಆ ಪಿನ್ ಹಳೆಯದನ್ನೇ ತೆರೆಯುತ್ತದೆ. ಹಳೆಯದಕ್ಕೆ ಮೆಸೇಜು ಬರುವುದು ನಿಂತೇಹೋಗಿದೆ. ಅದರ ಮೇಲಿನ ಹಳದಿ ಪಟ್ಟಿ ಹೇಳುತ್ತಿದ್ದದ್ದೂ ಅದನ್ನೇ. ಹಳೆಯದನ್ನು ಮುಚ್ಚಿ, ಅದರ ಐಕಾನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅನ್‌ಪಿನ್ ಮಾಡಬೇಕು. ಹೊಸದರ ಮೇಲೆ ಹಾಗೇ ಒತ್ತಿ ಪಿನ್ ಮಾಡಬೇಕು. ಅಷ್ಟೇ.

ಮೌಸು ಅತ್ತೆಯ ಕೈಯಲ್ಲಿತ್ತು. "ತೆಗೆದ್ರೆ ಮೆಸೇಜು ಹೋಗಲ್ವಾ?"

"ಬಾಗಿಲ ಬೋರ್ಡು ತೆಗೆದ್ರೆ ಮನೇಲಿರೋ ಸಾಮಾನು ಹೋಗುತ್ತಾ ಅಕ್ಕಾ? ಧೈರ್ಯವಾಗಿ ಒತ್ತಿ."

"ನಂದನ್ನೇ ತೆಗೀಬೇಕಾ?" ಬಾಯಿ ತಪ್ಪಿ ಬಂದ ಮಾತಿಗೆ ಅತ್ತೆಗೇ ನಾಚಿಕೆಯಾಯಿತು.

"ನಂದು ತೆಗೀರಿ ಅನ್ನೋಣ ಅಂದ್ರೆ, ಕೆಲಸ ಇರೋದೇ ಅದರಲ್ಲಿ," ಎಂದರು ಮಧ್ಯಾಹ್ನದಕ್ಕ.

ಅತ್ತೆ ಒತ್ತಿದರು. ಎಡಗಡೆಯ ಗುಳ್ಳೆ ಸದ್ದಿಲ್ಲದೆ ಮಾಯವಾಯಿತು. ಉಳಿದದ್ದನ್ನು ಪಿನ್ ಮಾಡಿ ತೆರೆದರೆ, ಬೆಳಗಿನಿಂದ ಬಂದ ನಂಬರುಗಳು ಸಾಲಾಗಿ ಕಾಯುತ್ತಿದ್ದವು. "ಮೈನಸ್ ಎರಡೂಕಾಲು... ಮೈನಸ್ ಎರಡೂಕಾಲು," ಎಂದು ಗೊಣಗುತ್ತ ಅತ್ತೆ ಆಗಲೇ ಚೀಟಿ ಎಳೆದುಕೊಂಡಿದ್ದರು.

"ಎದ್ದೇಳಿ, ಇದು ನನ್ನ ಹೊತ್ತು," ಎಂದರು ಮಧ್ಯಾಹ್ನದಕ್ಕ.

"ನೀನು ಆ ಸ್ಟೂಲಿನ ಮೇಲೆ ಕೂತು ಸೊಂಟ ನೀವಿಕೋ. ಬೆಳಗಿಂದು ನಾನು ಮುಗಿಸ್ತೀನಿ. ಆ ಕೀಲಿ ಇತ್ತ ಕೊಡು."

ಸಂಜೆ ಯಜಮಾನರು ಬಂದಾಗ ಅತ್ತೆ ಹೊರಟಿರಲಿಲ್ಲ. ತಡವಾದದ್ದು ಅಂಗಡಿಯವರಿಂದ ಅಲ್ಲ, ತನ್ನಿಂದ, ಹೀಗೆ ಹೀಗೆ ಆಯಿತು ಎಂದು ನಿಂತೇ ಹೇಳಿದರು. ಯಜಮಾನರು ಇಬ್ಬರ ಮುಖವನ್ನೂ ನೋಡಿ, "ಒಂದೇ ಕುರ್ಚೀಲಿ ಕೂರ್ತೀರಿ, ಒಬ್ರನ್ನೊಬ್ರು ಒಂದು ಮಾತು ಕೇಳಬಾರ್ದಿತ್ತೇನ್ರಮ್ಮಾ?" ಎಂದು ನಿಟ್ಟುಸಿರುಬಿಟ್ಟರಂತೆ.

ಮಧ್ಯಾಹ್ನದಕ್ಕನ ಸೊಂಟ ಇನ್ನೂ ಸರಿಹೋಗಿಲ್ಲ. ಅದು ನೆಟ್ಟಗಾಗುವವರೆಗೆ ಅವರು ಮನೆಯಲ್ಲಿ ಮಲಗಿರಲಿ, ಎರಡು ಹೊತ್ತೂ ತಾನೇ ಕೂರುತ್ತೇನೆ ಎಂದು ಅತ್ತೆ ಯಜಮಾನರನ್ನು ಒಪ್ಪಿಸಿದ್ದಾರೆ. ಹಾಗಾಗಿ ಮಧ್ಯಾಹ್ನದ ಊಟಕ್ಕೆ ಅತ್ತೆ ಮನೆಗೆ ಬರುವುದಿಲ್ಲ. ನಾಳೆಯಿಂದ ಅವರ ಊಟದ ಡಬ್ಬಿಯನ್ನು ನಾನು ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ.