ಹಿಂದಿನಿಂದ ಅಟ್ಟಿದ ಫಾರ್ವರ್ಡ್

ಸ್ನೇಹಿತರೇ, ಇವತ್ತು ಮಾಗಡಿಯಲ್ಲಿ ನಮ್ಮ ಕಾಲೇಜು ಹುಡುಗಿಯರ ಫುಟ್‌ಬಾಲ್ ತಂಡ ಮೊದಲರ್ಧದಲ್ಲೇ ಎರಡು ಗೋಲು ಬಿಟ್ಟುಕೊಟ್ಟಿತು. ಕೋಚ್ ಕಲಿಸಿದ್ದು ನಾಲ್ಕು-ಮೂರು-ಮೂರು ವ್ಯೂಹ: ಎದುರಾಳಿಗೆ ಚೆಂಡು ಸಿಕ್ಕ ಕೂಡಲೇ ಮುಂದಿನ ಮೂವರು ಅವರ ಗೋಲಿನ ಹತ್ತಿರವೇ ಅಡ್ಡಗಟ್ಟಬೇಕು. ನಡುವಿನ ಫಾರ್ವರ್ಡ್ ಮಂಜುಳಾ ಕುರಿ ಸಾಕುವ ಮನೆಯವಳು. ಎದುರಾಳಿಗಳ ಹಿಂದೆ ಹೋಗಿ, ಎಲ್ಲರನ್ನೂ ನಮ್ಮ ಗೋಲಿನ ಕಡೆಗೇ ಓಡಿಸಿದಳು.

ವಿರಾಮದಲ್ಲಿ ಕೋಚ್, "ಏನವ್ವಾ, ಅವರ್ನೆಲ್ಲಾ ನಮ್ ಮನೇಗೇ ಹೊಡ್ಕೊಂಡ್ ಬಂದ್ಬುಟ್ಟೆಯಲ್ಲ? ಹೊರಗ್ ಕೂತ್ಕೋ" ಎಂದರು.

"ಎದುರ್ಗ್ ನಿಂತ್ರೆ ಕುರಿಗಳು ಚೆದುರ್ಕೊಂಡ್ ಹೋಯ್ತವೆ ಸಾ. ಹಿಂದಿಂದ್ಲೇ ಅಟ್ಬೇಕು ಅಂತ ನಮ್ಮಜ್ಜ ಹೇಳ್ಕೊಟ್ಟವ್ರೆ" ಎಂದಳು ಮಂಜುಳಾ.

ಕೋಚ್ ನಮ್ಮ ಗೋಲಿನ ಕಡೆ ಕೈ ತೋರಿಸಿದರು. "ಹಂಗಾದ್ರೆ ನಮ್ ಗೋಲ್ ಮುಂದೆ ಎದುರ್ಗೇ ನಿಂತ್ಕೋ. ಚೆದುರ್ಲಿ."

ಆಮೇಲೆ ನಮ್ಮ ಮೇಲೆ ಒಂದು ಗೋಲೂ ಬೀಳಲಿಲ್ಲ. ಪಂದ್ಯ ಸೋತೆವು, ಮಂಜುಳಾ ತಂಡದಲ್ಲಿ ಉಳಿದಳು. ಸೋಮವಾರದ ಅಭ್ಯಾಸಕ್ಕೆ ಅವಳ ಅಜ್ಜನನ್ನೂ ಕರೆತರಲು ಕೋಚ್ ಹೇಳಿದ್ದಾರೆ.