ಹತ್ತು ಸೀಟಿನ ಸಾಲು

ಶಿರವಾಳದ ಶಿಲ್ಪಿ ಭೀಮುವನ್ನು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಒಳ್ಳೆಯವನೇ, ಇಲ್ಲ ಅನ್ನುವುದಿಲ್ಲ. ಆ ಒಳ್ಳೆಯತನ ನೋಡಿ ನೋಡಿಯೇ ನನಗೆ ಹೇಸಿಗೆ ಹುಟ್ಟಿದ್ದು. ಹರೆಯದಿಂದ ಅವನ ಪಕ್ಕದಲ್ಲೇ ಕೂತು ಉಳಿ ಹೊಡೆದವನು ನಾನು, ಅಂಬಣ್ಣ. ನನ್ನ ಬಾಯಿ ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ.

ಅವನು ಹೆಣ್ಣು ನೋಡಲು ರಾಮಸಮುದ್ರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಅವನಿಗೆ ಕೂರಲು ಕೊಟ್ಟ ಕುರ್ಚಿಯ ಒಂದು ಕಾಲು ಮುರಿದಿತ್ತು. ಭೀಮು ತೊಡೆಯ ಮೇಲೆ ಭಾರ ಹಾಕಿ, ಬೀಳದ ಹಾಗೆ ಮಧ್ಯಾಹ್ನದವರೆಗೂ ಕೂತ. ಹುಡುಗಿಯ ತಂದೆ "ಆರಾಮ ಕೂತೀರಿಲ್ರಿ?" ಎಂದು ಕೇಳಿದರೆ "ಆರಾಮ ಅದರಿ" ಎಂದ. ಕರೆದು ಕೂರಿಸಿ ಉಣ್ಣಲು ಹಾಕಿದವರ ಜಾಗಕ್ಕೂ ಊಟಕ್ಕೂ ಹೆಸರಿಡಬಾರದು, ಕೊರತೆ ಎತ್ತಬಾರದು ಎನ್ನುವುದು ನಮ್ಮ ಕಡೆಯ ರೀತಿ. ಆ ಕುರ್ಚಿಯಿಂದಲೇ ಪಾರ್ವತೆಮ್ಮ ಹೆಂಡತಿಯಾಗಿ ಸಿಕ್ಕಳು ಎಂದು ಆಮೇಲೆ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ನಮ್ಮದು ಗುಡಿ ಕಟ್ಟುವ ಕೆಲಸ. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಕಡೆಯ ಮಂದಿ ಅಲ್ಲೊಂದು ಶಿವನ ಗುಡಿ ಕಟ್ಟಿಸುತ್ತಿದ್ದರು. ಕಲ್ಲನ್ನು ಇಲ್ಲಿ ಕೆತ್ತಿ ಹಡಗಿನಲ್ಲಿ ಕಳಿಸುವುದು, ಆಮೇಲೆ ನಾವು ಹೈದರಾಬಾದಿನಿಂದ ವಿಮಾನ ಹತ್ತಿ ಹೋಗಿ ಜೋಡಿಸುವುದು. ಹತ್ತು ತಾಸಿನ ದಾರಿ. ವಿಮಾನ ಹಳೆಯದು, ಸೀಟಿನ ಬಟ್ಟೆ ಸವೆದಿತ್ತು, ಪಾಯಖಾನೆಯ ಬಾಗಿಲು ಕಿರುಗುಟ್ಟುತ್ತಿತ್ತು. ಆದರೆ ಮೈ ಅಲುಗಾಡಿಸಲು ಜಾಗವಿತ್ತು. ಅಂಥದ್ದರಲ್ಲೂ ಒಂದು ಸಲ ತಿರುಗಿ ಬಂದಾಗ ಭೀಮುವಿನ ಎಡ ಮೀನಖಂಡ ಬಾತು ಕೆಂಪಗಾಗಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಕಲಬುರಗಿಯ ಡಾಕ್ಟರು. ಗುಳಿಗೆ ಕೊಟ್ಟರು. ಇನ್ನು ಮುಂದೆ ವಿಮಾನದಲ್ಲಿ ತಾಸಿಗೊಮ್ಮೆಯಾದರೂ ಎದ್ದು ಓಡಾಡಬೇಕು, ಹೆಪ್ಪು ಮತ್ತೆ ಕಟ್ಟಿ ಎದೆಗೆ ಏರಿದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಬಿಡಿಸಿ ಹೇಳಿದರು.

ಹೋಗದೆ ಇರುವ ಹಾಗೂ ಇರಲಿಲ್ಲ. ಆ ಗುಡಿಯ ಬಸವಣ್ಣನನ್ನು ಕೆತ್ತುತ್ತಿದ್ದವನು ಭೀಮು. ಮೂರ್ತಿ ತನ್ನ ಜಾಗದಲ್ಲಿ ಕೂತ ಮೇಲೆ, ಕೆತ್ತಿದವನ ಕೈಯಿಂದಲೇ ಅದರ ಕಣ್ಣು ತೆರೆಸಬೇಕು. ಅಲ್ಲಿಯವರೆಗೆ ಕಣ್ಣಿನ ಜಾಗದಲ್ಲಿ ಬರಿ ಉಬ್ಬುಕಲ್ಲು ಇರುತ್ತದೆ.

"ಬಸಣ್ಣಗ ಕಣ್ಣು ತೆರಸಿ ಬಂದೆ ಅಂದ್ರ ಸಾಕು ಅಂಬಣ್ಣ," ಎನ್ನುತ್ತಿದ್ದ ಭೀಮು. "ಆಮ್ಯಾಲ ಶಿರವಾಳ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ."

ಇಂಥ ಹೊತ್ತಿನಲ್ಲಿ, ಶಹಾಪುರದಲ್ಲಿ ನಮಗೆ ಟಿಕೆಟ್ ಮಾಡಿಕೊಡುವ ಯೂನುಸ ಒಂದು ಸುದ್ದಿ ತಂದ. ವಿಮಾನ ಕಂಪನಿಯವರು ಹಳೆಯ ವಿಮಾನ ತೆಗೆದು ಹೊಸದನ್ನು ಕೊಳ್ಳುತ್ತಾರಂತೆ. ಮೇಲಿಂದ ಮೇಲೆ ಹೋಗಿಬರುವವರನ್ನು ಕರೆದು, ಸೀಟಿನಲ್ಲಿ ಕೂರಿಸಿ ಹೇಗಿದೆ ಎಂದು ಕೇಳುತ್ತಾರಂತೆ.

"ಹಳೇವು ನಾಕು ಇಂಜಿನ್ನಿನವು, ಎಣ್ಣಿ ಭಾಳ ಕುಡೀತಾವ," ಎಂದ ಯೂನುಸ. "ಹೊಸಾವು ಎರಡರಾಗೇ ಅಷ್ಟು ದೂರ ಹೋಗ್ತಾವ. ಎಣ್ಣಿ ಖರ್ಚು ನೋಡ್ತಾರ, ರಿಪೇರಿ ನೋಡ್ತಾರ, ಯಾವ ಕಾರ್ಖಾನಿ ಲಗೂ ಕೊಡ್ತದ ನೋಡ್ತಾರ, ಪೈಲಟ್ ಮಂದಿಗಿ ಹೊಸದು ಕಲಸಾಕ ಎಷ್ಟು ದಿನ ಬೇಕು ಅದನ್ನೂ ನೋಡ್ತಾರ. ಯಾವ ವಿಮಾನ ಅಂತ ಫೈಸಲಾ ಆಗ್ಯದ. ಸಾಲಿಗಿ ಒಂಬತ್ತು ಸೀಟು ಹಾಕಬೇಕೋ ಹತ್ತು ಹಾಕಬೇಕೋ, ಅದೊಂದು ಉಳದದ."

"ಹತ್ತು ಹಾಕಿದ್ರ ವಿಮಾನ ಅಗಲ ಆಗ್ತದೇನು?" ಎಂದೆ.

"ಇಲ್ಲ ಅಂಬಣ್ಣ. ಮಂದಿ ಸಣ್ಣ ಆಗಬೇಕು."

ಹೈದರಾಬಾದಿನ ಹೊರಗೆ ಒಂದು ಶೆಡ್ಡಿನಲ್ಲಿ, ಪ್ಲೈವುಡ್ಡಿನಿಂದ ವಿಮಾನದ ಒಳಭಾಗದ ಹಾಗೆ ಕಟ್ಟಿದ್ದರು. ಬೆಳಿಗ್ಗೆ ನಮ್ಮನ್ನು ಒಂಬತ್ತರ ಸಾಲಿನಲ್ಲಿ ಕೂರಿಸಿದರು, ಊಟದ ಹೊತ್ತಿಗೆ ಹತ್ತರ ಸಾಲಿಗೆ ಎಬ್ಬಿಸಿಕೊಂಡು ಹೋದರು. ಹತ್ತರಲ್ಲಿ ನನ್ನ ಮೊಣಕೈ ಭೀಮುವಿನ ಪಕ್ಕೆಗೆ ಹತ್ತಿತು. ಇನ್ನೊಂದು ಪಕ್ಕದವನ ಬೆವರು ನನ್ನ ಅಂಗಿಗೆ ಇಳಿಯಿತು, ಅವನು ಬಾಯಿ ತೆರೆದಾಗಲೆಲ್ಲ ತಂಬಾಕಿನ ನಾತ ಮೂಗಿಗೇ ಬಂತು. ನಡುವಿನ ದಾರಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಅಡ್ಡ ತಿರುಗಿ ನಿಲ್ಲಬೇಕು. ಊಟ ಮಾತ್ರ ಭರ್ಜರಿ. ಪೂರಿ, ಶಿರಾ, ಮೇಲೆ ಐಸ್‌ಕ್ರೀಮು. ಕೋಟು ಹಾಕಿದ ಸಾಹೇಬ ತಾನೇ ನಿಂತು, ಕೈಮುಗಿದು ಬಡಿಸಿದ. ಅಲ್ಲೇ ಕೆಲಸ ಕೆಟ್ಟಿತು.

ಆಮೇಲೆ ಬೆಂಗಳೂರು ಕಡೆಯ ಹುಡುಗಿಯೊಬ್ಬಳು ಬಂದು ಭೀಮುವನ್ನು ಕೇಳಿದಳು. "ಸೀಟು ಹೇಗಿದೆ ಸರ್?"

ಕಾಲು ಜೋಮು ಹಿಡಿದಿದೆ ಎಂದು ಅವನು ಆಗತಾನೆ ನನ್ನ ಕಿವಿಯಲ್ಲಿ ಹೇಳಿದ್ದ.

"ಆರಾಮ ಅದ ತಾಯಿ."

"ಆ ಸೀಟಿಗೂ ಇದಕ್ಕೂ ಏನಾದ್ರೂ ವ್ಯತ್ಯಾಸ ಅನಿಸ್ತಾ?"

"ಎರಡೂ ಆರಾಮ."

"ಕಾಲಿಂದು ಹೇಳೋ," ಎಂದು ಅವನ ತೊಡೆ ಹಿಂಡಿದೆ. ಹಲ್ಲು ಕಿರಿದ. ನನ್ನ ಸರದಿ ಬಂದಾಗ, "ಕುರಿ ತುಂಬೋ ಟೆಂಪೋದಾಗ ಇದಕ್ಕಿಂತ ಜಾಗ ಇರ್ತದವ್ವ" ಎಂದೆ. ಹುಡುಗಿ ನಕ್ಕು ಮುಂದೆ ಹೋದಳು. ಸುರಪುರ, ಶಹಾಪುರದಿಂದ ಬಂದ ನಮ್ಮವರೆಲ್ಲ ಆರಾಮ, ಆರಾಮ ಎನ್ನುತ್ತ ಹೋದರು. ಹೊರಗೆ ಬಂದು ಭೀಮುವಿಗೆ ಬಾಯಿಗೆ ಬಂದಂತೆ ಬೈದೆ.

"ಉಂಡ ಮನಿಗಿ ಹೆಂಗ ಹೆಸರಿಡಬೇಕು ಅಂಬಣ್ಣ?"

"ಅದು ಮನಿ ಅಲ್ಲಲೇ, ಅಂಗಡಿ. ನಿನ್ನ ಕಾಲಿನ ಮ್ಯಾಲೇ ಇನ್ನೊಂದು ಸೀಟು ಇಡಾಕತ್ತಾರ."

"ಪಾಪ, ಕರದು ಕೇಳ್ಯಾರ. ನಮ್ಮನ್ನ ಯಾರು ಕೇಳ್ತಾರ?"

ಕೇಳಿದರಂತೆ. ಹತ್ತು ಎಂದು ಮನಸ್ಸಿನಲ್ಲಿ ಮೊದಲೇ ಇಟ್ಟುಕೊಂಡು, ಇಲ್ಲ ಅನ್ನಲು ಬಾರದವರನ್ನೇ ಹುಡುಕಿ ತಂದು, ಪೂರಿ ಶಿರಾ ತಿನ್ನಿಸಿ ಹೂಂ ಅನ್ನಿಸಿಕೊಂಡರು ಎಂದೇ ಇವತ್ತಿಗೂ ನನ್ನ ಮಾತು. ಅವತ್ತಿನಿಂದ ನಾನು ಶಿರಾ ಮುಟ್ಟಿಲ್ಲ. ಹತ್ತೇ ಆಯಿತು ಎಂದು ಯೂನುಸ ಕೆಲವು ತಿಂಗಳಾದ ಮೇಲೆ ತಿಳಿಸಿದ.

ವಿಮಾನ ಕಾರ್ಖಾನೆಯಿಂದ ಬರಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಬಸವಣ್ಣ ಹಡಗು ಹತ್ತಿ ಹೋಗಿ, ಗುಡಿಯ ಮುಂದೆ ಕಣ್ಣಿಲ್ಲದೆ ಕೂತಿದ್ದ. ಮುಹೂರ್ತ ಗೊತ್ತಾಯಿತು. ನನಗೆ ವೀಸಾ ಆಗಲಿಲ್ಲ, ಭೀಮು ಒಬ್ಬನೇ ಸಣ್ಣ ಉಳಿಯನ್ನು ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟ. ತಾಸಿಗೊಮ್ಮೆ ಏಳಬೇಕು ಎಂದು ಪಾರ್ವತೆಮ್ಮ ಅವನಿಂದ ಆಣೆ ಹಾಕಿಸಿಕೊಂಡಳು.

ಹೊಸ ವಿಮಾನದ ಹತ್ತರ ಸಾಲಿನಲ್ಲಿ ಅವನ ಸೀಟು ಬಂದದ್ದು ನಡುವಿನ ನಾಲ್ಕರ ಒಳಗೆ. ಎರಡೂ ಕಡೆಯವರು ಉಂಡು ಮುಸುಕು ಹಾಕಿ ಮಲಗಿಬಿಟ್ಟರು. ಮಲಗಿದವರನ್ನು ಎಬ್ಬಿಸುವುದು ತಪ್ಪು, ಅವರ ಕಾಲು ದಾಟಿ ಹೋಗುವುದು ಇನ್ನೂ ತಪ್ಪು. ಹಾಗೆಂದು ಕಲಿತವನು ಭೀಮು, ಏಳಲಿಲ್ಲ. ನೀರು ಕುಡಿದರೆ ಪಾಯಖಾನೆಗೆ ಏಳಬೇಕಾಗುತ್ತದೆ ಎಂದು ನೀರನ್ನೂ ಮುಟ್ಟಲಿಲ್ಲ. ವಿಮಾನದ ಹುಡುಗಿ ಬಗ್ಗಿ ಕೇಳಿದಾಗ, ಎಲ್ಲ ಆರಾಮ ಎಂದು ಕೈಸನ್ನೆ ಮಾಡಿದನಂತೆ. ಇಳಿದು ಪೆಟ್ಟಿಗೆ ಎತ್ತಲು ಹೋದವನು ಉಸಿರು ಕಟ್ಟಿ ಅಲ್ಲೇ ಬಿದ್ದ.

ಹೆಪ್ಪು ಎದೆಗೆ ಏರಿತ್ತು. ಜೀವ ಉಳಿಯಿತು, ಮುಹೂರ್ತ ಉಳಿಯಲಿಲ್ಲ. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾವನೋ ಬೇರೆ ಶಿಲ್ಪಿ ಬಸವಣ್ಣನ ಕಣ್ಣು ತೆರೆಸಿದ. ಗುಡಿಯವರು ನನಗೆ ಫೋಟೊ ಕಳಿಸಿದರು. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಭೀಮು ಎರಡು ವರ್ಷ ತಿದ್ದಿ ತಿದ್ದಿ ನಯ ಮಾಡಿದ ಮುಖ ಅದು. ನೋಡಲಾಗದೆ ಫೋನು ಕೆಳಗಿಟ್ಟೆ.

ಮರುದಿನ ನಾನು ಪಾರ್ವತೆಮ್ಮನ ಜೊತೆ ಕೂತಿದ್ದಾಗ ಅವನೇ ವಿಡಿಯೋ ಕರೆ ಮಾಡಿದ. ಮೂಗಿಗೆ ನಳಿಕೆ ಹಾಕಿದ್ದರು.

"ಹೆಂಗದೀಯೋ?" ಎಂದೆ.

"ಆರಾಮ ಅದೀನಿ. ನೀವು ಆರಾಮ?"

ಪಾರ್ವತೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೋದಳು.

"ಅಂಬಣ್ಣ, ವಿಮಾನದವರು ಮೊಬೈಲಿಗಿ ಕಳಸಿದ್ರು. ಪ್ರಯಾಣ ಹೆಂಗಾಯ್ತು, ಚುಕ್ಕಿ ಒತ್ರಿ ಅಂತ."

"ಒಂದು ಒತ್ತು. ಒಂದಕ್ಕಿಂತ ಜಾಸ್ತಿ ಒತ್ತಿದಿ ಅಂದ್ರ ನನ್ನ ಮಾರಿ ನೋಡಬ್ಯಾಡ."

ಅವನು ಆ ಕಡೆ ಈ ಕಡೆ ನೋಡಿದ. "ನಿನ್ನೇನೇ ಒತ್ತೀನಿ," ಎಂದ. "ಐದೂ ಒತ್ತೀನಿ. ಪಾಪ, ಕೇಳ್ಯಾರಲ್ಲ."

ನನಗೆ ಮೈಯೆಲ್ಲ ಉರಿಯಿತು. ಇವತ್ತು ಇವನನ್ನು ಬಿಡಬಾರದು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮೆಲ್ಲಗೆ ಕೇಳಿದ.

"ಬಸಣ್ಣಂದು ಫೋಟೊ ನಿನಗ ಕಳಸ್ಯಾರಂತ. ನನಗ್ಯಾರೂ ತೋರಸವಲ್ರು. ಕಣ್ಣು ಹೆಂಗ ಬಂದಾವ ಅಂಬಣ್ಣ?"

"ಛಲೋ ಬಂದಾವ," ಎಂದೆ.