ನೌಕಾಪಡೆಯ ಈಜು ಮೇಷ್ಟ್ರು

ನೌಕಾಪಡೆಯ ತರಬೇತಿ ನೆಲೆಯಲ್ಲಿ ಹೊಸಬರಿಗೆ ಈಜು ಕಲಿಸಿ ನಿವೃತ್ತರಾದ ಮೇಷ್ಟ್ರು ಹಡಗಲಿ ಕಡೆಯ ನಮ್ಮ ಕೇರಿಗೇ ಮರಳಿದ್ದರು. ಲುಂಗಿ ಉಟ್ಟಾಗಲೂ ಕೊರಳಲ್ಲಿ ಸೀಟಿ ಇರುತ್ತಿತ್ತು. “ನಮ್ಮ ನೆಲಿ ನೆಲದ ಮ್ಯಾಲ ಕಟ್ಟಿದ್ರೂ ಅದನ್ನ ಹಡಗು ಅಂತಾರ. ಹಡಗಿನಾಗ ಎಲ್ಲಾರಿಗೂ ಒಂದ ನೀರು,” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಕೇರಿಯಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಈಜು ಮಾತ್ರ ಬರುತ್ತಿರಲಿಲ್ಲ. ಊರಿನ ಮೆಟ್ಟಿಲು ಬಾವಿಗೆ ನಾವು ಇಳಿಯುವಂತಿರಲಿಲ್ಲ.

“ಇಳೀಲೇ ಬಿ.ಎ., ನೀರೇನು ನಿನ್ನ ಸರ್ಟಿಫಿಕೇಟ್ ಕೇಳತೈತೇನು?” ಎಂದು ಒಂದು ಬೆಳಿಗ್ಗೆ ನನ್ನನ್ನು ಅಲ್ಲಿಗೇ ಇಳಿಸಿದರು. ಇಬ್ಬರಿಗೂ ಸೊಂಟದವರೆಗೆ ನೀರು ಬಂದಿತ್ತು. ಗೌಡ ಮೆಟ್ಟಿಲಿಳಿದು ಬಂದ.

“ಮ್ಯಾಲ ಬರ್ರಲೇ! ಬಾವಿ ಮೈಲಿಗಿ ಮಾಡ್ತೀರೇನು?”

ಪಕ್ಕದಲ್ಲಿ ಅವನ ಮಗ ನಿಂತಿದ್ದ. ಅದೇ ನೆಲೆಯಲ್ಲಿ, ಮೇಷ್ಟ್ರ ಕೈಯಲ್ಲೇ ಈಜು ಕಲಿತು, ಈಗ ರಜೆಗೆ ಬಂದವನು. ಮೇಷ್ಟ್ರು ಅವನತ್ತ ತಿರುಗಿದರು.

“ನೀನರ ಹೇಳಪ್ಪ. ಅಲ್ಲಿ ಮುಳುಗಾಕ ಹತ್ತಿದಾಗ ನನ್ನ ಕೊರಳಿಗೆ ಜೋತುಬಿದ್ದಿದ್ದಿ. ಅವತ್ತು ಮೈಲಿಗಿ ಆಗಲಿಲ್ಲೇನು?”

“ಸರ್...” ಎಂದವನು ಅಪ್ಪನ ಮುಖ ನೋಡಿದ. “ಸುಮ್ನ ಯಾಕ ಜಗಳ, ಹೋಗ್ರಿ,” ಎಂದ.

ಮೇಷ್ಟ್ರು ಮೇಲೆ ಬರಲಿಲ್ಲ. ನನ್ನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, “ಕಾಲು ಬಡಿ,” ಎಂದರು.

ಇದ್ದಬದ್ದ ಸಿಟ್ಟನ್ನೆಲ್ಲ ಕಾಲಿಗೆ ತಂದು ಬಡಿದೆ. ನೀರು ಗೌಡನ ಧೋತರದವರೆಗೂ ಸಿಡಿಯಿತು.